ಗಾರ್ನಾಚಾ: ವೈನ್ ರುಚಿಯಲ್ಲಿ ತೋಟ ಓದೋದು

ಈ ವಾರ ಸ್ಪೇನ್‌ನ ಗಾರ್ನಾಚಾ ಅನ್ನೋ ಒಂದೇ ದ್ರಾಕ್ಷಿ ತಳಿಯಿಂದ ಮಾಡಿದ ಕೆಂಪು ವೈನ್ ಬಗ್ಗೆ ನೋಡೋಣ. ಫ್ರಾನ್ಸ್‌ನಲ್ಲಿ ಇದನ್ನೇ ಗ್ರೆನಾಶ್ ಅಂತಾರೆ. ಕುಡಿಯೋದು ಕಲಿಸೋ ಪಾಠ ಅಲ್ಲ ಇದು. ರುಚಿ ನೋಡುವವರು ಬಾಯಲ್ಲಿ ಆಡಿಸಿ ಉಗಿದುಬಿಡ್ತಾರೆ. ಬೆಳೆಗಾರ ಹಣ್ಣು ಯಾವಾಗ ಕೊಯ್ದ ಅನ್ನೋದರ ಸುಳಿವು ಅಷ್ಟರಲ್ಲೇ ಸಿಗುತ್ತೆ, ನನಗೆ ಆಸಕ್ತಿ ಇರೋದು ಅಲ್ಲಿ.

ಗಾರ್ನಾಚಾ ಬಿಸಿಲಿನ ತಳಿ. ತಡವಾಗಿ ಮಾಗುತ್ತೆ, ಬರ ತಡೆಯುತ್ತೆ. ಕಾಂಡ ಗಟ್ಟಿ, ನೆಟ್ಟಗೆ ಬೆಳೆಯುತ್ತೆ. ಹಾಗಾಗಿ ಅರಗೋನ್ ಪ್ರಾಂತ್ಯದ ಹಳೇ ತೋಟಗಳಲ್ಲಿ ತಂತಿ, ಚಪ್ಪರ ಏನೂ ಇಲ್ಲ, ಗಿಡ ಕುಳ್ಳ ಪೊದೆ ಥರ ಇರುತ್ತೆ. ಆದರೆ ಹೂವಿನ ಹೊತ್ತಲ್ಲಿ ಚಳಿ, ಮಳೆ ಬಂದರೆ ಹೂ ಉದುರುತ್ತೆ, ಡೌನಿ ರೋಗವೂ ಬೇಗ ತಗಲುತ್ತೆ.

ಲೋಟವನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ನೋಡಿ. ಸಿಪ್ಪೆ ತೆಳು, ಹಾಗಾಗಿ ಬಣ್ಣ ತಿಳಿ. ಅದು ದೋಷ ಅಲ್ಲ. ವಾಸನೆ ಸ್ಟ್ರಾಬೆರಿ, ಸ್ವಲ್ಪ ಮೆಣಸು. ಇನ್ನು ಬಾಯಲ್ಲಿ ಮೂರು ವಿಷಯ ಗಮನಿಸಿ: ನಾಲಿಗೆ ಪಕ್ಕದಲ್ಲಿ ನೀರೂರಿದರೆ ಹುಳಿ ಇದೆ, ಬಾಳೆಕಾಯಿ ಕಚ್ಚಿದ ಹಾಗೆ ಒಗರಾದರೆ ಟ್ಯಾನಿನ್, ಗಂಟಲು ಬಿಸಿಯಾದರೆ ಆಲ್ಕೋಹಾಲ್. ಈ ತಳಿಯಲ್ಲಿ ಮೊದಲೆರಡು ಕಡಿಮೆ, ಮೂರನೆಯದು ಜಾಸ್ತಿ.

ಕಾರಣ ಸಕ್ಕರೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುಳಿತರೆ ಶೇ. 1 ಆಲ್ಕೋಹಾಲ್. ಬಾಟಲಿ ಮೇಲೆ ಶೇ. 15 ಅಂತಿದ್ದರೆ ರಸದಲ್ಲಿ ಸುಮಾರು 255 ಗ್ರಾಂ ಇತ್ತು ಅಂತ ಲೆಕ್ಕ. ಹಣ್ಣನ್ನು ಗಿಡದಲ್ಲೇ ಬಿಟ್ಟಷ್ಟೂ ಸಕ್ಕರೆ ಏರುತ್ತೆ, ಹುಳಿ ಇಳಿಯುತ್ತೆ. ಗಂಟಲು ಸುಟ್ಟು, ಜಾಮ್ ಥರ ರುಚಿ ಬಂದು, ಬಾಯಲ್ಲಿ ನೀರೇ ಊರದಿದ್ದರೆ ಕೊಯ್ಲು ತಡವಾಗಿದೆ ಅಂತ ನಾನು ಅಂದಾಜು ಮಾಡ್ತೀನಿ. ಮ್ಯಾಡ್ರಿಡ್ ಪಶ್ಚಿಮದ ಗ್ರೆಡೋಸ್ ಬೆಟ್ಟದ ಗಾರ್ನಾಚಾ ಮಾತ್ರ ಬೇರೆ. ಎತ್ತರದ ತಣ್ಣನೆ ರಾತ್ರಿಗೆ ಹುಳಿ ಉಳಿಯುತ್ತೆ. ನನಗೆ ಅದೇ ಇಷ್ಟ.

ಸ್ಪೇನ್‌ನ ಎಷ್ಟೋ ಸಹಕಾರಿ ಘಟಕಗಳು ದ್ರಾಕ್ಷಿಗೆ ತೂಕ ಮತ್ತು ಸಕ್ಕರೆ ಡಿಗ್ರಿ ನೋಡಿ ದರ ಕೊಡ್ತಿದ್ದವು. ಹುಳಿಗೆ, ಪರಿಮಳಕ್ಕೆ ಬೆಲೆ ಇರಲಿಲ್ಲ. ಹಳೇ ಗಿಡಗಳಲ್ಲಿ ಇಳುವರಿ ಕಡಿಮೆ, ಲೆಕ್ಕ ಕೂರಲಿಲ್ಲ. ಎಷ್ಟೋ ರೈತರು ಗಾರ್ನಾಚಾ ಕಿತ್ತು ಟೆಂಪ್ರಾನಿಲ್ಲೊ ಹಾಕಿದರು. ಆಮೇಲೆ ಪ್ರಿಯೊರಾಟ್‌ನಲ್ಲಿ ಆಲ್ವರೊ ಪಲಾಸಿಯೋಸ್ 1993ರಲ್ಲಿ ಹಳೇ ಗಾರ್ನಾಚಾ ಗಿಡಗಳ ಹಣ್ಣಿಂದ ಲೆರ್ಮಿತಾ ವೈನ್ ಮಾಡಿದರು. ಇವತ್ತು ಅದು ಸ್ಪೇನ್‌ನ ಅತಿ ದುಬಾರಿ ವೈನ್‌ಗಳಲ್ಲಿ ಒಂದು. ಕಿತ್ತವರ ಗಿಡ ವಾಪಸ್ ಬರಲಿಲ್ಲ.

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಅಕ್ಟೋಬರ್ ಚಾಟ್ನಿ ಮಾಡಿದ ದ್ರಾಕ್ಷಿ ಮಾಗೋದು ಬಿಸಿಲು ಏರೋ ಹೊತ್ತಿಗೇ. ವೈನ್ ದ್ರಾಕ್ಷಿ ಹಾಕೋರು ಕೊಯ್ಲಿನ ಮುಂಚೆ ಎರಡು ಮೂರು ದಿನಕ್ಕೊಮ್ಮೆ ಬ್ರಿಕ್ಸ್ ಮೀಟರ್ ಜೊತೆ ನಾಲಿಗೆಯನ್ನೂ ಬಳಸಿ, ಬೀಜ ಕಂದು ಬಣ್ಣಕ್ಕೆ ತಿರುಗಿದೆಯಾ ನೋಡಿ. ವೈನರಿ ಜೊತೆ ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ ದರ ಬರೀ ಬ್ರಿಕ್ಸ್ ಮೇಲಾ, ಇಲ್ಲಾ ಹುಳಿ, ಪಿಎಚ್ ಕೂಡ ಲೆಕ್ಕಕ್ಕಿದೆಯಾ ಅಂತ ಕೇಳಿ, ಉತ್ತರವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.