ಸರ್ಪಸುತ್ತಿನ ಒಳಗುಟ್ಟು

ಮುನಿರಾಬಾದಿನ ಅಣೆಕಟ್ಟಿನ ಕೆಳಗಣ ಹಳ್ಳಿಗಳಲ್ಲಾಗಲಿ, ದೂರದ ಮಲೆನಾಡಿನಲ್ಲಾಗಲಿ, ‘ಸರ್ಪಸುತ್ತು’ ಎಂಬ ಹೆಸರನ್ನು ಕೇಳದ ಹಿರಿಯರು ವಿರಳ. ಎದೆಯ ಅಥವಾ ಸೊಂಟದ ಒಂದು ಪಕ್ಕದಲ್ಲಿ ಮೊದಲು ಉರಿ ತೋರುತ್ತದೆ. ಕೆಲವು ದಿನಗಳಲ್ಲಿ ನೀರುಗುಳ್ಳೆಗಳು ಪಟ್ಟಿಯಂತೆ ಏಳುತ್ತವೆ. ಹಾವಿನ ತಲೆಯೂ ಬಾಲವೂ ಕೂಡಿದರೆ ರೋಗಿಯು ಉಳಿಯನೆಂಬ ಭಯ ಜನರಲ್ಲಿ ಬೇರೂರಿದೆ. ಆದುದರಿಂದ ಕೆಮ್ಮಣ್ಣು ಬಳಿಯುವುದು, ಮಂತ್ರ ಹಾಕಿಸುವುದು ಮೊದಲಾದ ಉಪಚಾರಗಳು ನಡೆಯುತ್ತವೆ. ಸ್ವಾರಸ್ಯವೆಂದರೆ, ಇದಕ್ಕೆ ಪಾಶ್ಚಾತ್ಯರು ಇಟ್ಟಿರುವ ‘ಹರ್ಪಿಸ್’ ಎಂಬ ಹೆಸರೂ ‘ಹರಿದಾಡು’ ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದುದು. ಅದು ಸಂಸ್ಕೃತದ ‘ಸರ್ಪ’ ಶಬ್ದಕ್ಕೆ ದಾಯಾದಿ!

ಮಕ್ಕಳಿಗೆ ಬರುವ ಸೀತಾಳೆ ಸಿಡುಬನ್ನು ನಮ್ಮವರು ‘ಅಮ್ಮ’ ಎಂದು ಕರೆಯುತ್ತಾರೆ. (ಜಗತ್ತಿನಿಂದ ನಿರ್ಮೂಲವಾಯಿತೆಂದು 1980ರಲ್ಲಿ ಘೋಷಿಸಲ್ಪಟ್ಟ ಸಿಡುಬು ಬೇರೆ, ಅದರ ವೈರಸ್ಸೂ ಬೇರೆ ಕುಲದ್ದು.) ಈ ಅಮ್ಮನೂ ಆ ಸರ್ಪವೂ ಒಂದೇ ಎಂದು ಯಾರು ತಾನೆ ಊಹಿಸಿಯಾರು? ಬಾಲ್ಯದ ಸೀತಾಳೆಯ ವೈರಸ್ಸೇ ದೇಹದಲ್ಲಿ ಅಡಗಿದ್ದು, ಮುಂದೆ ಸರ್ಪಸುತ್ತಾಗಿ ಏಳುತ್ತದೆಂದು ಇಂಗ್ಲೆಂಡಿನ ವೈದ್ಯ ಹೋಪ್-ಸಿಂಪ್ಸನ್ 1965ರಲ್ಲಿ ವಾದಿಸಿದನು. ಒಬ್ಬನೇ ರೋಗಿಗೆ ಮೊದಲು ಬಂದ ಸೀತಾಳೆಯಿಂದಲೂ ಅನಂತರ ಬಂದ ಸರ್ಪಸುತ್ತಿನಿಂದಲೂ ವೈರಸ್ಸನ್ನು ಪಡೆದು, ಅವುಗಳ ಡಿ.ಎನ್.ಎ.ಯನ್ನು ಕಿಣ್ವಗಳಿಂದ ತುಂಡರಿಸಿ 1984ರಲ್ಲಿ ಹೋಲಿಸಿ ನೋಡಲಾಯಿತು. ಎರಡೂ ಒಂದೇ ಆಗಿದ್ದವು.

ಈ ಡಿ.ಎನ್.ಎ. ಎಂಬುದು ಜೀವಿಯ ಲಕ್ಷಣಗಳನ್ನೆಲ್ಲ ನಾಲ್ಕೇ ಅಕ್ಷರಗಳಲ್ಲಿ ಬರೆದಿಟ್ಟ ಉದ್ದನೆಯ ಓಲೆ. ಅದರ ಒಂದೊಂದು ವಾಕ್ಯವನ್ನು ಜೀನ್ ಎನ್ನಬಹುದು. ಮನುಷ್ಯನ ಓಲೆಯಲ್ಲಿ ಸುಮಾರು 300 ಕೋಟಿ ಅಕ್ಷರಜೋಡಿಗಳಿವೆ. ಸರ್ಪಸುತ್ತಿನ ವೈರಸ್ಸಿನಲ್ಲಿರುವುವು ಸುಮಾರು 1,25,000 ಮಾತ್ರ; ಜೀನುಗಳು ಎಪ್ಪತ್ತರಷ್ಟು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಿಜ್ಞಾನಿಗಳು 1986ರಲ್ಲಿ ಅದನ್ನು ಆದ್ಯಂತವಾಗಿ ಓದಿ ಪ್ರಕಟಿಸಿದರು. ಮನುಷ್ಯರನ್ನು ಕಾಡುವ ಹರ್ಪಿಸ್ ಕುಲದ ಒಂಬತ್ತು ವೈರಸ್ಸುಗಳಲ್ಲಿ ಇದೇ ಅತ್ಯಂತ ಚಿಕ್ಕ ಓಲೆ. ಎಲ್ಲಕ್ಕಿಂತ ದೊಡ್ಡದಾದ ಸೈಟೊಮೆಗಾಲೊ ವೈರಸ್ಸಿನದು ಇದರ ಇಮ್ಮಡಿಗೆ ಸಮೀಪ. ಆದರೂ ಒಂಬತ್ತರಲ್ಲಿಯೂ ಸುಮಾರು ನಲವತ್ತು ಜೀನುಗಳು ಸಮಾನ. ಡಿ.ಎನ್.ಎ.ಯ ನಕಲು ತೆಗೆಯುವುದು, ಅದನ್ನು ಕಾಯುವ ಇಪ್ಪತ್ತು ಮುಖಗಳ ಪ್ರೋಟೀನು ಸಂಪುಟವನ್ನು ಕಟ್ಟುವುದು ಇವೇ ಮೊದಲಾದ ಮೂಲ ಕೆಲಸಗಳು ಅವುಗಳವು. ಮಿಕ್ಕ ಜೀನುಗಳಿಂದ ಒಂದೊಂದಕ್ಕೂ ಅದರದೇ ಸ್ವಭಾವ ಬಂದಿದೆ.

ಸೀತಾಳೆ ಮಾಗಿದ ಬಳಿಕ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟುಗಳನ್ನು ಸೇರುತ್ತದೆ. ಅಲ್ಲಿ ಜೀವಕೋಶದ ಕೇಂದ್ರದೊಳಗೆ ಅದರ ಡಿ.ಎನ್.ಎ. ಬಳೆಯಂತೆ ಸುತ್ತಿಕೊಂಡು ವರ್ಷಗಟ್ಟಲೆ ಮಲಗಿರುತ್ತದೆ. ಮುನಿರಾಬಾದಿನ ಜಲಾಶಯ ತುಂಬಿದ್ದರೂ ತೂಬು ಮುಚ್ಚಿದ್ದರೆ ಎಡದಂಡೆಯ ಕಾಲುವೆಯಲ್ಲಿ ನೀರು ಹರಿಯದಷ್ಟೆ! ಹಾಗೆಯೇ ಎಪ್ಪತ್ತು ಜೀನುಗಳು ಇದ್ದರೂ ಹೆಚ್ಚುಕಡಿಮೆ ಎಲ್ಲವೂ ಮುಚ್ಚಿರುತ್ತವೆ. ಮುಪ್ಪಿನಿಂದಲೋ ರೋಗದಿಂದಲೋ ದೇಹದ ಕಾವಲು ಸಡಿಲಿದಾಗ ಅವು ತೆರೆಯುತ್ತವೆ. ಹೊಸ ವೈರಸ್ಸುಗಳು ಆ ಗಂಟಿನ ನರವನ್ನೇ ಹಿಡಿದು ಚರ್ಮಕ್ಕೆ ಇಳಿಯುತ್ತವೆ. ಒಂದು ನರ ದೇಹದ ಒಂದೇ ಪಕ್ಕದ ಪಟ್ಟಿಯನ್ನು ಆಳುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದಿಲ್ಲ. ತಲೆ ಬಾಲಗಳು ಕೂಡದಿರುವುದು ಮಂತ್ರದ ಮಹಿಮೆಯಲ್ಲ, ನರಗಳ ಜೋಡಣೆ.

ಈ ಓಲೆಯ ಒಂದು ಜೀನೇ ವೈರಸ್ಸಿಗೆ ಮುಳುವಾಗಿದೆ. ಅದು ತಯಾರಿಸುವ ಕಿಣ್ವವು ಅಸೈಕ್ಲೋವಿರ್ ಎಂಬ ಔಷಧಿಯನ್ನು ಚುರುಕುಗೊಳಿಸುತ್ತದೆ, ಔಷಧಿಯು ಡಿ.ಎನ್.ಎ.ಯ ನಕಲನ್ನು ನಿಲ್ಲಿಸುತ್ತದೆ. ಆ ಕಿಣ್ವವಿಲ್ಲದ ಆರೋಗ್ಯವಂತ ಕೋಶಗಳಿಗೆ ಬಾಧೆ ಅತ್ಯಲ್ಪ. ಇದರ ಶೋಧನೆಯಲ್ಲಿ ಪ್ರಮುಖಳಾದ ಗರ್ಟ್ರೂಡ್ ಎಲಿಯನ್ 1988ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದಳು. ಗುಳ್ಳೆ ಎದ್ದ 72 ಗಂಟೆಗಳೊಳಗೆ ಔಷಧಿ ತೊಡಗಿದರೆ ಫಲ ಹೆಚ್ಚು. ಕೆಮ್ಮಣ್ಣು ಬಳಿಯುತ್ತ ಕಳೆಯುವುದು ಅನೇಕ ವೇಳೆ ಇದೇ ಮೂರು ದಿನಗಳನ್ನು. ನರಗಂಟಿನಲ್ಲಿ ಮಲಗಿರುವ ವೈರಸ್ಸನ್ನು ಮಾತ್ರ ಈ ಔಷಧಿಯೂ ಮುಟ್ಟಲಾರದು. ಅಲ್ಲಿ ಆ ಜೀನ್ ಮುಚ್ಚಿಯೇ ಇರುತ್ತದೆ.