ಹುಣಸಗಿಯಲ್ಲೊಂದು ಲ್ಯಾನ್ಸರ್

ಒಂದು ವಸ್ತುವಿನ ಬೆಲೆ ಇಳಿದಿದೆಯೆಂದ ಮಾತ್ರಕ್ಕೆ ಅದರ ಯೋಗ್ಯತೆಯೂ ಇಳಿದಿರಬೇಕೆಂದು ಬಗೆಯುವುದು ಮನುಷ್ಯಸಹಜವಾದ ಎಣಿಕೆ. ಆದರೆ ಹಳೆಯ ಮೋಟಾರು ಗಾಡಿಗಳ, ಅದರಲ್ಲಿಯೂ ವೇಗವನ್ನೂ ಚಾಲನಸುಖವನ್ನೂ ಲಕ್ಷ್ಯದಲ್ಲಿರಿಸಿಕೊಂಡು ಜಪಾನೀ ತಂತ್ರಜ್ಞರು ರೂಪಿಸಿದ ಗಾಡಿಗಳ ವಿಷಯದಲ್ಲಿ ಈ ಎಣಿಕೆ ಎಷ್ಟು ಅಸಮರ್ಪಕವಾದುದೆಂಬುದನ್ನು, ಯಾದಗಿರಿ ಜಿಲ್ಲೆಯ ಹುಣಸಗಿಯಂಥ ಊರಿನಲ್ಲಿದ್ದು ಅಂಥದೊಂದನ್ನು ಬಹುಕಾಲ ಸಾಕಿಕೊಂಡು ಬಂದ ನನಗೆ ಅನುಭವವೇ ಮನಗಾಣಿಸಿತು.

ಅಚ್ಚ ಸ್ಪೋರ್ಟ್ಸ್ ಕಾರುಗಳೆಂದು ಜಗತ್ತು ಕರೆಯುವ ಸ್ಕೈಲೈನ್, ಸುಪ್ರಾ, ಆರ್‌ಎಕ್ಸ್-8 ಮೊದಲಾದವು ನಮ್ಮ ಸೀಮೆಗೆ ಬಂದುವೆಂದೇ ಹೇಳಲಾಗದು. ಮೂರು ವರ್ಷಕ್ಕಿಂತ ಹಳೆಯದಾದ ಬಳಸಿದ ಕಾರನ್ನು ವಿದೇಶದಿಂದ ತರಿಸಲು ನಮ್ಮ ದೇಶದ ಆಮದು ನಿಯಮಗಳು ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ನಮಗೆ ದೊರೆತದ್ದು ಅವುಗಳ ದಾಯಾದಿಗಳು: 1998ರಲ್ಲಿ ಚೆನ್ನೈ ಬಳಿಯ ತಿರುವಳ್ಳೂರಿನ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಿಂದ ಹೊರಬಂದ ಮಿತ್ಸುಬಿಷಿ ಲ್ಯಾನ್ಸರ್, 2000ದ ಹೊಂಡಾ ಸಿಟಿ ವಿಟೆಕ್, 2006ರ ಸೀಡಿಯಾ, ಅದೇ ವರ್ಷದ ಸಿವಿಕ್. ಇವುಗಳಲ್ಲಿ ಲ್ಯಾನ್ಸರಿನ ಕುಲಗೌರವ ಸಾಮಾನ್ಯವಾದುದಲ್ಲ. ಫಿನ್ಲೆಂಡಿನ ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಎಡೆಬಿಡದೆ ನಾಲ್ಕು ಸಲ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಲ್ಯಾನ್ಸರ್ ಎವಲ್ಯೂಶನ್ ಗಾಡಿಗಳನ್ನು ಓಡಿಸಿ. ಆ ವರ್ಷಗಳ ಕೊನೆಯ ಮಾದರಿಗಳಿಗೂ ನಮ್ಮ ದೇಶದಲ್ಲಿ ಸಂಸಾರಸ್ಥರು ಕೊಂಡ ಲ್ಯಾನ್ಸರಿಗೂ ಮೂಲವಾದ ಒಡಲು ಒಂದೇ ಪೀಳಿಗೆಯದು. ಎಂಜಿನ್ನಿನಲ್ಲಿ ಅಜಗಜಾಂತರವಿದ್ದರೂ, ತಿರುವಿನಲ್ಲಿ ಒಡೆಯನ ಕೈಯ ಇಂಗಿತವನ್ನು ಅರಿತು ನಡೆಯುವ ಆ ಗುಣ ಇದಕ್ಕೂ ಸಂದಿದೆ.

1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಸಿದ್ಧವಾಗಿ, ಕಾಲಕ್ರಮದಲ್ಲಿ ಎಡದಂಡೆ ಕಾಲುವೆಯ ನೀರು ಹರಿದು, ಜೋಳ ತೊಗರಿಗಳ ಎರೆಭೂಮಿ ಭತ್ತದ ಗದ್ದೆಯಾದ ತರುವಾಯ, ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ನಮ್ಮ ಸುತ್ತ ಹುಟ್ಟಿಕೊಂಡುವು. ಅಂಥ ಕ್ಯಾಂಪೊಂದರ ರೈತರೊಬ್ಬರು ಹೈದರಾಬಾದಿನಲ್ಲಿದ್ದ ತಮ್ಮ ಸಂಬಂಧಿಕರಿಂದ ತಂದಿರಿಸಿಕೊಂಡಿದ್ದ ಪೆಟ್ರೋಲ್ ಲ್ಯಾನ್ಸರನ್ನು ಒಂದು ಸುಗ್ಗಿಯ ನಂತರ ಮಾರಲು ಮನಸ್ಸು ಮಾಡಿದರು. ಅವರು ಕೇಳಿದ ಬೆಲೆ ಹೊಸ ಮೋಟಾರ್ ಸೈಕಲ್ಲಿನದಕ್ಕಿಂತ ಹೆಚ್ಚೇನೂ ಇರಲಿಲ್ಲ. ಅದೇ ವಯಸ್ಸಿನ, ಬಣ್ಣ ಮಾಸಿ ಬಾಗಿಲು ಸಡಿಲಾದ ಬೊಲೆರೊಗೆ ಅದರ ಎರಡು ಮೂರು ಪಟ್ಟು ಕೊಡಲು ಜನ ಸಿದ್ಧರಿದ್ದರು. ಈ ವೈಪರೀತ್ಯದ ಕಾರಣವನ್ನು ನಾನು ವಿಚಾರಿಸಿದಾಗ, ಬಸ್ ನಿಲ್ದಾಣದ ಸಮೀಪದ ಗ್ಯಾರೇಜಿನ ಮಿಸ್ತ್ರಿ ಬಾನೆಟ್ ಎತ್ತಿ ನೋಡಿ, ಎಂಜಿನ್ನಿನ ಸದ್ದನ್ನು ತಲೆ ವಾಲಿಸಿ ಆಲಿಸಿ, “ಸರ್, ಗಾಡಿ ಭಾಳ ಚೊಲೊ ಅದರಿ. ಆದ್ರ ತಗೊಳ್ಳಾಕ ಸಸ್ತಾ, ಸಾಕಾಕ ತುಟ್ಟಿ,” ಎಂದನು. ನಾನು ಗಾಡಿಯನ್ನು ಕೊಂಡೆನು; ಆದರೆ ಅವನು ಒಂದೇ ಉಸಿರಿನಲ್ಲಿ ಹೇಳಿದ ಮಾತಿನ ವಿವರಗಳೆಲ್ಲ ನನಗೆ ಒಂದೊಂದಾಗಿ ತಿಳಿದುಬರಲು ವರ್ಷಗಳು ಬೇಕಾದುವು.

ನಮ್ಮ ಸಂತೆಯಲ್ಲಿ ಜೋಡಿ ತಪ್ಪಿದ ಎತ್ತು ಎಷ್ಟೇ ಕಸುವುಳ್ಳದ್ದಾಗಿದ್ದರೂ ಅಗ್ಗಕ್ಕೆ ಹೋಗುವುದುಂಟು. ಕುಂದಿರುವುದು ಎತ್ತಿನಲ್ಲಲ್ಲ, ಅದಕ್ಕೆ ಸರಿಹೊಂದುವ ಇನ್ನೊಂದು ಸುತ್ತಮುತ್ತ ದೊರೆಯದಿರುವುದರಲ್ಲಿ. ಲ್ಯಾನ್ಸರಿನ ಸ್ಥಿತಿಯೂ ಅದೇ. ಬೊಲೆರೊ ಗಾಡಿಯ ಸಾಮಾನು ಸುರಪುರದಲ್ಲಿ ಸಿಗುತ್ತದೆ, ತಾಳಿಕೋಟೆಯಲ್ಲಿ ಸಿಗುತ್ತದೆ, ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಪ್ರತಿಯೊಂದು ದೊಡ್ಡ ಹಳ್ಳಿಯಲ್ಲಿಯೂ ಇವೆ. ಒಮ್ಮೆ ಕಾಲುವೆ ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಟಿಪ್ಪರಿನ ಗಾಲಿಯಿಂದ ಚಿಮ್ಮಿದ ಕಲ್ಲೊಂದು ನನ್ನ ಗಾಡಿಯ ಎಡಗಡೆಯ ದೀಪವನ್ನು ಒಡೆಯಿತು. ಅದೊಂದು ಸಾಮಾನ್ಯ ಘಟನೆ. ಆದರೆ ಆ ದೀಪಕ್ಕಾಗಿ ಕಲಬುರಗಿಯಲ್ಲಿ ಕೇಳಿದೆ, ಸೊಲ್ಲಾಪುರದಲ್ಲಿ ಕೇಳಿಸಿದೆ, ಕಡೆಗೆ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನು ಹತ್ತಿಳಿದೆ. ಹೊಸದು ಎಲ್ಲಿಯೂ ಇರಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ, ಅಪಘಾತಕ್ಕೆ ಸಿಕ್ಕಿದ ಮತ್ತೊಂದು ಲ್ಯಾನ್ಸರನ್ನು ಬಿಚ್ಚಿ ರಾಶಿ ಹಾಕಿದ್ದವನ ಬಳಿ ಅದು ದೊರೆಯಿತು. ಆತ ಹೇಳಿದ ಬೆಲೆಗೆ ನಾನು ಚೌಕಾಸಿ ಮಾಡಲಿಲ್ಲ. ನನಗಿಂತ ಮೊದಲೇ ಇನ್ನೊಬ್ಬರು ಅದಕ್ಕಾಗಿ ಬಂದು ಹೋಗಿದ್ದರಂತೆ.

ಆ ರಾಶಿಯ ಮುಂದೆ ನಿಂತಾಗ ನನಗೆ ಈ ಅಗ್ಗದ ಬೆಲೆಯ ಅಂತರಂಗ ಸ್ಪಷ್ಟವಾಯಿತು. ಬೆಲೆ ಇಳಿದುದರಿಂದ ಒಡೆಯರು ರಿಪೇರಿಗೆ ಹಣ ಸುರಿಯಲು ಹಿಂಜರಿಯುತ್ತಾರೆ. ರಿಪೇರಿ ಕಾಣದ ಗಾಡಿಗಳು ಗುಜರಿಗೆ ಸೇರುತ್ತವೆ. ರಸ್ತೆಯ ಮೇಲೆ ಗಾಡಿಗಳು ವಿರಳವಾದಷ್ಟೂ ಸಾಮಾನು ಮಾಡುವವನಿಗೂ ಮಾರುವವನಿಗೂ ಅದರಲ್ಲಿ ಲಾಭ ಉಳಿಯುವುದಿಲ್ಲ. ಸಾಮಾನು ಸಿಗದೆಂಬ ಸುದ್ದಿ ಹಬ್ಬಿದೊಡನೆ ಬೆಲೆ ಇನ್ನೂ ಕೆಳಗಿಳಿಯುತ್ತದೆ. ಈ ವಿಷವರ್ತುಲದಲ್ಲಿ ಯಂತ್ರದ ಗುಣಕ್ಕೆ ಎಲ್ಲಿಯೂ ಸ್ಥಾನವಿಲ್ಲ.

ಜಪಾನಿನಲ್ಲಿಯೇ ಇದಕ್ಕೆ ಎರಡೂ ಬಗೆಯ ನಿದರ್ಶನಗಳು ಉಂಟು. ಮಾಜ್ದಾ ಕಂಪನಿ 2003ರಿಂದ 2012ರವರೆಗೆ ನಿರ್ಮಿಸಿದ ಆರ್‌ಎಕ್ಸ್-8 ಕಾರಿನಲ್ಲಿ ಮೇಲಕ್ಕೂ ಕೆಳಕ್ಕೂ ಆಡುವ ಪಿಸ್ಟನ್ನುಗಳಿಲ್ಲ. ತ್ರಿಕೋನಾಕಾರದ ರೋಟರುಗಳು ಸುತ್ತುತ್ತ ಶಕ್ತಿಯನ್ನು ಉತ್ಪಾದಿಸುತ್ತವೆ. ಅದರ ನುಣುಪು ಅಸಾಧಾರಣವಾದದ್ದು. ಆದರೆ ರೋಟರಿನ ಮೂಲೆಗಳಲ್ಲಿರುವ ಸೀಲುಗಳು ಸವೆದರೆ ಎಂಜಿನ್ನಿನ ಒತ್ತಡ ಕುಗ್ಗುತ್ತದೆ, ಅದನ್ನು ಹೊಸದಾಗಿ ಕಟ್ಟಿಸುವ ವೆಚ್ಚ ಕಾರಿನ ಬೆಲೆಯನ್ನೇ ಮೀರುವುದುಂಟು. ಪೆಟ್ರೋಲೂ ಬಹಳ ಬೇಡುತ್ತದೆ, ಆಯಿಲನ್ನೂ ಸ್ವಭಾವತಃ ಸುಡುತ್ತದೆ. ಆದಕಾರಣ ಅಂಥ ಅಪೂರ್ವ ಸೃಷ್ಟಿ ಅಗ್ಗವಾಗಿ ಕೈ ಬದಲಾಯಿಸುತ್ತದೆ. ಮೊದಲ ನೋಂದಣಿಯಿಂದ ಹದಿಮೂರು ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ಆ ದೇಶ ತೆರಿಗೆಯನ್ನು ಸುಮಾರು ಶೇ. 15ರಷ್ಟು ಏರಿಸುತ್ತದೆ, ಎರಡೆರಡು ವರ್ಷಕ್ಕೊಮ್ಮೆ ದುಬಾರಿಯಾದ ತಪಾಸಣೆಯನ್ನೂ ವಿಧಿಸುತ್ತದೆ. ಮಾರುವವರಿಗೆ ಅದೂ ಒಂದು ಅವಸರ. ಇನ್ನೊಂದು ಕಡೆ, 1989ರ ಸ್ಕೈಲೈನ್ ಜಿಟಿ-ಆರ್ ಇಪ್ಪತ್ತೈದು ವರ್ಷ ತುಂಬಿ 2014ರಿಂದ ಅಮೆರಿಕದ ಆಮದಿಗೆ ಅರ್ಹವಾದುದೇ ತಡ, ಬಾಲ್ಯದಲ್ಲಿ ಅದನ್ನು ಚಿತ್ರದಲ್ಲಷ್ಟೆ ಕಂಡಿದ್ದವರು ಹಣ ಹಿಡಿದು ನಿಂತರು. ನಿಸಾನ್ 2017ರಲ್ಲಿ ಆ ಗಾಡಿಗೂ, ಟೊಯೋಟಾ 2020ರಲ್ಲಿ ಹಳೆಯ ಸುಪ್ರಾಗೂ ಬಿಡಿಭಾಗಗಳನ್ನು ಮರಳಿ ತಯಾರಿಸತೊಡಗಿದುವು. ಬೇಡಿಕೆ ಸಾಮಾನನ್ನು ಕರೆತಂದಿತು, ಸಾಮಾನು ಬೇಡಿಕೆಯನ್ನು ಬೆಳೆಸಿತು. ನಮ್ಮ ಲ್ಯಾನ್ಸರಿಗೆ ಅಂಥ ಭಾಗ್ಯ ಒದಗಲಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ರಸ್ತೆಯ ಮಾತನ್ನೂ ಹೇಳಬೇಕು. ಮಳೆಗಾಲದಲ್ಲಿ ಎರೆಮಣ್ಣು ಡಾಂಬರಿನ ಅಂಚನ್ನು ಕೆಳಗಿನಿಂದ ಸಡಿಲಿಸುತ್ತದೆ, ಬೇಸಗೆಯಲ್ಲಿ ಬಿರುಕು ಬಿಡುತ್ತದೆ. ಊರೂರಿಗೂ ಜನರೇ ಎಬ್ಬಿಸಿದ ಹಂಪುಗಳು ಬೇರೆ. ನೆಲಕ್ಕೆ ಹತ್ತಿರವಾಗಿರುವುದರಿಂದಲೇ ತಿರುವಿನಲ್ಲಿ ಸ್ಥಿರವಾಗಿ ನಿಲ್ಲುವ ಗಾಡಿಗೆ ಆ ಗುಣವೇ ಇಲ್ಲಿ ಶತ್ರು. ನಲವತ್ತು ಡಿಗ್ರಿ ಮೀರುವ ನಮ್ಮ ಬಿಸಿಲಿಗೆ ರಬ್ಬರಿನ ಬುಶ್ಶುಗಳೂ ಹೋಸುಗಳೂ ಗಟ್ಟಿಯಾಗಿ ಒಡೆಯುತ್ತವೆ; ಈಚೆಗೆ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆಯುತ್ತಿರುವುದರಿಂದ, ಅದಕ್ಕೆಂದು ತಯಾರಾಗದ ಹಳೆಯ ಇಂಧನ ಹೋಸುಗಳ ಮೇಲೆ ಕಣ್ಣಿಟ್ಟಿರಲೇಬೇಕು. ನಾನು ಅವನ್ನು ಒಡೆಯುವ ಮುನ್ನವೇ ಬದಲಾಯಿಸುವ ರೂಢಿಯನ್ನು ಇಟ್ಟುಕೊಂಡಿದ್ದೇನೆ.

ಕಾಗದಪತ್ರಗಳ ಭಾರವೂ ಬೆಲೆಯನ್ನು ಜಗ್ಗುತ್ತದೆ. ದಿಲ್ಲಿಯಲ್ಲಿ ಹತ್ತು ವರ್ಷದ ಡೀಸೆಲ್ ಮತ್ತು ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಎಷ್ಟೋ ಒಳ್ಳೆಯ ಕಾರುಗಳು ದಕ್ಷಿಣಕ್ಕೆ ಅಗ್ಗವಾಗಿ ಹರಿದುಬಂದುವು. ಆದರೆ ಪರರಾಜ್ಯದ ಗಾಡಿ ಇಲ್ಲಿ ನೆಲೆಸಬೇಕಾದರೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ, ಎಂದರೆ ಎನ್‌ಓಸಿ ಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು, ಆಮೇಲೆ ಯಾದಗಿರಿಯಲ್ಲಿ ಕೆಎ-33ರ ಸಂಖ್ಯೆ ಪಡೆಯಬೇಕು. ಹದಿನೈದು ವರ್ಷ ಮುಗಿದ ಕಾರಿನ ನೋಂದಣಿಯನ್ನು ನವೀಕರಿಸುವ ಶುಲ್ಕವನ್ನು 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5000ಕ್ಕೆ ಏರಿಸಿದರು. ಮಾರುವವನು ತಗ್ಗಿಸಿದ ಹಣದ ಬಹುಪಾಲು ಇಂಥ ಬಾಕಿಗಳೇ.

ಇಷ್ಟಾದರೂ ಅಂಥ ಗಾಡಿಯನ್ನು ಕೊಳ್ಳಬೇಡಿರೆಂದು ನಾನು ಯಾರಿಗೂ ಹೇಳಿದವನಲ್ಲ. ಬೆಳಗಿನ ಜಾವ ಕೊಡೇಕಲ್ಲಿನ ಕಡೆಗೆ ಹೋಗುವ ದಾರಿಯ ತಿರುವುಗಳಲ್ಲಿ ಅದು ಕೊಡುವ ಆನಂದ, ಎತ್ತರದ ಯಾವ ಹೊಸ ಗಾಡಿಯಲ್ಲಿಯೂ ನನಗೆ ಲಭಿಸಿಲ್ಲ. ಈಚೆಗೆ ನಮ್ಮ ಭಾಗದ ತರುಣನೊಬ್ಬ ಹೈದರಾಬಾದಿನ ಸಿವಿಕ್ ಒಂದನ್ನು ಕಂಡು ಮರುಳಾಗಿ ನನ್ನಲ್ಲಿಗೆ ಬಂದಿದ್ದನು. “ಸರ್, ಇಷ್ಟು ಸಸ್ತಾ ಯಾಕ ಕೊಡ್ಲಿಕತ್ತಾನ್ರಿ?” ಎಂಬುದು ಅವನ ಸಂದೇಹ. ನಾಲ್ವರು ದಪ್ಪನೆಯ ಗೆಳೆಯರನ್ನು ಕೂರಿಸಿಕೊಂಡು ಹಂಪು ದಾಟಿಸಿ ನೋಡು, ಹೊಟ್ಟೆ ಉಜ್ಜುವ ಸದ್ದು ಕೇಳು, ಶಾಕ್ ಅಬ್ಸಾರ್ಬರಿನ ಬೆಲೆ ವಿಚಾರಿಸು, ಗುಜರಿಯವನ ಫೋನ್ ಸಂಖ್ಯೆ ಬರೆದುಕೋ, ಆಮೇಲೆ ಮಾತಾಡೋಣ ಎಂದೆ. ಅವನು ಹೇಳಿದ್ದನ್ನೆಲ್ಲ ಮಾಡಿದನು. ಕಾರಿನ ಬೆಲೆಯ ಮೂರರಲ್ಲೊಂದು ಪಾಲನ್ನು ರಿಪೇರಿಗೆಂದು ಬೇರೆ ತೆಗೆದಿರಿಸಿ, ಎನ್‌ಓಸಿ ಕೈಗೆ ಬಂದ ಮೇಲೆಯೇ ಹಣ ಎಣಿಸಿ ಗಾಡಿಯನ್ನು ಮನೆಗೆ ತಂದನು.