ಕೆರೆ ಮೀನಿಗೆ ನಿಂಬೆ: ಮೊದಲು ಹಬೆ, ಆಮೇಲೆ ಹುಳಿ

ಬೇತಮಂಗಲದ ಕಡೆ ಕೆರೆ ಮೀನು ಮನೆಗೆ ಬಂತೆಂದರೆ ಹುಳಿಸಾರು, ಇಲ್ಲವೇ ಫ್ರೈ. ಮೊಬೈಲಿನಲ್ಲಿ ಪೆರು ದೇಶದ ಸೆವಿಚೆ ನೋಡಿದ ಮಕ್ಕಳು ಈಗ ಮೂರನೆಯದೊಂದನ್ನು ಕೇಳಬಹುದು: ಹಸಿ ಮೀನನ್ನು ಒಲೆಗೆ ಇಡದೆ ನಿಂಬೆರಸದಲ್ಲೇ ಹದ ಮಾಡುವ ತಿನಿಸು. 2023ರಲ್ಲಿ ಯುನೆಸ್ಕೊ ಅದನ್ನು ತನ್ನ ಪರಂಪರೆಯ ಪಟ್ಟಿಗೂ ಸೇರಿಸಿತು. ನಮ್ಮಲ್ಲೂ ಮಾಡಬಹುದು, ಆದರೆ ಕೆರೆ ಮೀನನ್ನು ಹಸಿಯಾಗಿ ಮಾತ್ರ ಬೇಡ.

ನಿಂಬೆರಸ ಬಿದ್ದ ತುಂಡು ಅಂಚಿನಿಂದ ಬೆಳ್ಳಗಾಗುತ್ತಾ ಬರುತ್ತದೆ, ಒತ್ತಿದರೆ ಗಟ್ಟಿಯಾಗಿರುತ್ತದೆ. ನೋಡಿದವರು ಬೆಂದಿದೆ ಎಂದುಕೊಳ್ಳುತ್ತಾರೆ. ಹುಳಿ ಮಾಡಿದ್ದು ಪ್ರೋಟೀನನ್ನು ಮುದುಡಿಸುವ ಕೆಲಸ ಅಷ್ಟೇ; ಒಳಗಿರುವ ಹುಳುವಿನ ಮರಿ ಅದಕ್ಕೆ ಜಗ್ಗುವುದಿಲ್ಲ. ಮುಳ್ಳು ಕಡಿಮೆ ಎಂದು ನಾವು ಇಷ್ಟಪಡುವ ಕೊರಮೀನಿನ ಜಾತಿಯಲ್ಲೇ ಥಾಯ್ಲೆಂಡಿನವರು ಗ್ನಾಥೋಸ್ಟೋಮ ಎಂಬ ಹುಳು ಕಂಡಿದ್ದಾರೆ. ಹಸಿಯಾಗಿ ತಿಂದವರ ಚರ್ಮದಡಿ ಹರಿದಾಡುವ ಹುಳು ಅದು, ಕೆಲವೊಮ್ಮೆ ಕಣ್ಣಿಗೂ ಮಿದುಳಿಗೂ ಹೋಗುತ್ತದೆ. ಸಾಲದ್ದಕ್ಕೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ಜಿಲ್ಲೆಯ ಹಲವು ಕೆರೆಗಳಿಗೆ ಹರಿಯುತ್ತಿದೆ. ಮೀನು ಬೇಯಿಸಿ ತಿನ್ನಲು ಇದಕ್ಕಿಂತ ಬೇರೆ ಕಾರಣ ಬೇಕೆ?

ಹಾಗಾಗಿ ಮೊದಲು ಹಬೆ. ಅರ್ಧ ಕಿಲೋ ಕೊರಮೀನು ಅಥವಾ ಜಿಲೇಬಿ ಮೀನು ತನ್ನಿ. ಕಿವಿರು ಕೆಂಪಾಗಿ, ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಕಾಟ್ಲಾ, ರೋಹು ಈ ತಿನಿಸಿಗೆ ಬೇಡ, ಮುಳ್ಳು ಆರಿಸುವುದರಲ್ಲೇ ಹಸಿವು ಹೋಗುತ್ತದೆ. ಅಂಗಡಿಯಲ್ಲೇ ಪೊರೆ ತೆಗೆಸಿ, ಬೆರಳು ದಪ್ಪದ ತುಂಡು ಮಾಡಿಸಿ. ಮನೆಯಲ್ಲಿ ಉಪ್ಪು, ಅರಿಶಿನ ಸವರಿ ಇಡ್ಲಿ ಪಾತ್ರೆಯಲ್ಲಿ ಎಂಟು-ಹತ್ತು ನಿಮಿಷ ಬೇಯಿಸಿ. ಚಮಚದಿಂದ ಒತ್ತಿದರೆ ಮಾಂಸ ಪದರ ಪದರವಾಗಿ ಬಿಡಬೇಕು, ಮಧ್ಯದಲ್ಲಿ ಗಾಜಿನಂಥ ಬಣ್ಣ ಉಳಿದಿರಬಾರದು. ಅಡುಗೆ ಥರ್ಮಾಮೀಟರ್ ಇದ್ದರೆ ಒಳಗೆ 63 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಕು.

ಆರಲು ಬಿಡಿ. ಮುಳ್ಳು ಬಿಡಿಸಿ, ದೊಡ್ಡ ಚೂರುಗಳಾಗಿಯೇ ಗಾಜಿನ ಅಥವಾ ಪಿಂಗಾಣಿ ಬಟ್ಟಲಿಗೆ ಹಾಕಿ. ಅಲ್ಯೂಮಿನಿಯಂ ಪಾತ್ರೆಯನ್ನು ಹುಳಿ ತಿನ್ನುತ್ತದೆ. ನಾಲ್ಕು ನಿಂಬೆಹಣ್ಣಿನ ರಸ ಹಿಂಡಿ, ಆದರೆ ಸಿಪ್ಪೆಯ ಕಹಿ ಇಳಿಯುವಷ್ಟು ಹಿಸುಕಬೇಡಿ. ಎಳೆ ಎಳೆಯಾಗಿ ಹೆಚ್ಚಿದ ಒಂದು ಈರುಳ್ಳಿಯನ್ನು ತಣ್ಣೀರಿನಲ್ಲಿ ತೊಳೆದು, ಎರಡು ಹಸಿಮೆಣಸಿನಕಾಯಿ, ಚೂರು ಶುಂಠಿ, ಕೊತ್ತಂಬರಿ ಸೊಪ್ಪು, ಬೀಜ ತೆಗೆದ ಟೊಮ್ಯಾಟೊ ಜೊತೆ ಸೇರಿಸಿ. ಸೀಸನ್ನಿನಲ್ಲಿ ಶ್ರೀನಿವಾಸಪುರದ ತೋತಾಪುರಿ ಕಾಯಿ ಸಣ್ಣಗೆ ಹೆಚ್ಚಿ ಹಾಕಿದರೆ ಒಂದು ನಿಂಬೆಹಣ್ಣು ಕಡಿಮೆ ಮಾಡಿ. ನನ್ನ ಮಟ್ಟಿಗೆ ಪೆರುವಿನವರಿಗಿಂತ ರುಚಿ ಇದೇ! ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ಬಡಿಸಿ. ಬೇಯಿಸಿದರೆ ಅಸಲಿ ಹೇಗಾಗುತ್ತದೆ ಎನ್ನುವವರಿಗೆ ಒಂದು ಮಾತು: ಈಕ್ವಡಾರ್‌ನಲ್ಲಿ ಸೀಗಡಿ ಸೆವಿಚೆಗೆ ಸೀಗಡಿಯನ್ನು ಬೇಯಿಸಿಯೇ ಹಾಕುತ್ತಾರೆ.

ಹಸಿಯದೇ ಬೇಕೆಂದು ಹಟ ಹಿಡಿದರೆ ಸಮುದ್ರದ ಮೀನೇ ಆಗಬೇಕು, ಅದೂ ಮೊದಲೇ ಮೈನಸ್ 20 ಡಿಗ್ರಿಯಲ್ಲಿ 7 ದಿನ ಹೆಪ್ಪುಗಟ್ಟಿಸಿದ್ದು. ಮನೆಯ ಫ್ರೀಜರ್ ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ. ಹಸಿ ತಿನ್ನಲೆಂದೇ ಹೀಗೆ ಹೆಪ್ಪುಗಟ್ಟಿಸಿದ್ದು ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ ಕೊಳ್ಳಿ. ಐಸ್ ಮೇಲಿಟ್ಟು ಮಾರುವ ಅಂಜಲ್ ಎಷ್ಟೇ ಫ್ರೆಶ್ ಆಗಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಹೆಪ್ಪುಗಟ್ಟಿದ ಮೀನನ್ನು ಫ್ರಿಜ್ಜಿನೊಳಗೇ ಕರಗಿಸಿ, ಹೊರಗಿಟ್ಟಲ್ಲ. ತಣ್ಣಗಿದ್ದಾಗಲೇ ಕತ್ತರಿಸಿ, ರಸ ಹಾಕಿ, ಅರ್ಧ ಗಂಟೆಯೊಳಗೆ ತಿಂದು ಮುಗಿಸಿ. ಹೆಪ್ಪುಗಟ್ಟಿಸಿದರೆ ಹುಳು ಸಾಯುತ್ತದೆ, ಬ್ಯಾಕ್ಟೀರಿಯಾ ಪೂರ್ತಿ ಸಾಯುವುದಿಲ್ಲ. ಹಾಗಾಗಿ ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಅಥವಾ ಲಿವರ್ ತೊಂದರೆ ಇರುವವರಿಗೆ ಹಬೆಯ ಬಟ್ಟಲನ್ನೇ ಬಡಿಸಿ.